ಮಿರ್ಯಾಳ ಸೌನಾದೊಳಗೆ ವೈಫೈ

ಪಕ್ಕದ ಮನೆಯ ಮಿರ್ಯಾ ಟೋಪಿ ಹಾಕದೆ ನನ್ನ ಅಂಗಳಕ್ಕೆ ಬಂದು ನಿಂತಾಗಲೇ ಏನೋ ಎಡವಟ್ಟಾಗಿದೆ ಎಂದು ನನಗೆ ಗೊತ್ತಾಯಿತು. ನವೆಂಬರಿನ ಚಳಿ, ಉಸಿರು ಬಿಟ್ಟರೆ ಮೀಸೆಯ ಮೇಲೆ ಹಿಮ ಕೂರುವ ಕಾಲ.

ಅವಳು ಹೆದರುವ ಹೆಂಗಸಲ್ಲ. ಫಿನ್‌ಲ್ಯಾಂಡಿನ ಈ ಮೂಲೆಯ ಕಾಡುದಾರಿಗಳಲ್ಲಿ ಅರ್ಧ ಆಯಸ್ಸು ಮನೆಮನೆಗೆ ಪುಸ್ತಕ ಒಯ್ಯುವ ಲೈಬ್ರರಿ ಬಸ್ಸು ಓಡಿಸಿದವಳು. ಒಂದು ಚಳಿಗಾಲ ಬಸ್ಸು ಮಂಜುಗಡ್ಡೆಯ ಮೇಲೆ ಜಾರಿ ಚರಂಡಿಗೆ ಇಳಿದು ವಾಲಿಕೊಂಡಿತು. ಎಳೆಯಲು ನಾನು ಟ್ರ್ಯಾಕ್ಟರ್ ತಗೊಂಡು ಹೋದರೆ, ಇವಳು ಒಳಗೆ ವಾಲಿಕೊಂಡೇ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದಳು. "ಬಂದ್ಯಾ? ಯಾವ ಪುಸ್ತಕ ಬೇಕು ಹೇಳು" ಎಂದಳು. ಪುಸ್ತಕಕ್ಕೂ ನನಗೂ ಇರುವ ದೂರ ಗೊತ್ತಿದ್ದೇ ಕೇಳಿದ್ದು ಅದು.

ಅಂಥವಳು ಈಗ ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು.

"ಯಾರ್ಮೊ, ಇಂಟರ್ನೆಟ್ಟು ಸತ್ತಿದೆ. ಎರಡು ಗಂಟೆಗೆ ಡಾಕ್ಟ್ರು ಲ್ಯಾಪ್‌ಟಾಪಲ್ಲಿ ಬರ್ತಾರೆ."

"ಯಾವ ಡಾಕ್ಟ್ರು? ಯಾಕೆ?"

ಅವಳು ಕೊರಳುಪಟ್ಟಿ ಸರಿಸಿ ದವಡೆಯ ಕೆಳಗೆ ಬೆರಳಿಟ್ಟು ತೋರಿಸಿದಳು. ಒಂದು ಗಂಟು. ಸೂಜಿ ಚುಚ್ಚಿ ಅದರ ಚೂರನ್ನು ಪರೀಕ್ಷೆಗೆ ತೆಗೆದುಕೊಂಡಿದ್ದರಂತೆ, ಅದೇನೆಂದು ಇವತ್ತು ಹೇಳುತ್ತಾರಂತೆ. ಈ ಸರದಿ ತಪ್ಪಿದರೆ ಮುಂದಿನದು ಕ್ರಿಸ್‌ಮಸ್ ಕಳೆದ ಮೇಲೆ.

ನನಗೆ ಸಿಟ್ಟು ನೆತ್ತಿಗೇರಿತು. ಪಕ್ಕದ ಮನೆಯಲ್ಲೇ ಇದ್ದೇನೆ, ನನಗೊಂದು ಮಾತು ಇಲ್ಲ!

"ಇಷ್ಟು ದಿನ ಬಾಯಿ ಮುಚ್ಕೊಂಡಿದ್ಯಲ್ಲೇ!"

"ಬಾಯಿ ಬಿಟ್ಟಿದ್ರೆ ಕರಗಿ ಹೋಗ್ತಿತ್ತಾ? ನಡಿ, ನಡಿ."

"ಫೋನಲ್ಲಿ ಹೇಳಿದ್ರೆ ಆಗಲ್ವಂತಾ ಅವರಿಗೆ?"

"ನಮ್ಮ ತಗ್ಗಲ್ಲಿ ಯಾವ ಫೋನು ಬಾಯಿಬಿಟ್ಟಿದೆ?"

ಅದು ನಿಜ. ಕೆರೆಯಂಚಿನ ಅವಳ ಮನೆಯಲ್ಲಿ ಮೊಬೈಲ್ ಹಿಡಿದರೆ ಸಿಗ್ನಲ್ ಒಂದು ಗೆರೆಯೂ ಏಳುವುದಿಲ್ಲ. ಊರವರೆಲ್ಲ ಸೇರಿ ನೆಲದಡಿ ಎಳೆಸಿದ ಇಂಟರ್ನೆಟ್ ಕೇಬಲ್ಲೇ ಗತಿ.

ಮುಂಬಾಗಿಲ ಒಳಗೆ, ಕೋಟು ನೇತುಹಾಕುವ ಗೂಟದ ಕೆಳಗೆ ರೂಟರ್ ಇತ್ತು. ದೀಪಗಳೆಲ್ಲ ಹಸಿರಾಗಿ ಉರಿಯುತ್ತಿದ್ದವು. ಆದರೂ ವೈರು ಕಿತ್ತು, ಸ್ವಲ್ಪ ಬಿಟ್ಟು, ಮತ್ತೆ ಸಿಕ್ಕಿಸಿದೆ.

"ಎಲ್ಲಿ ಲ್ಯಾಪ್‌ಟಾಪು?"

"ಸೌನಾದಲ್ಲಿ."

ಮನೆಯೊಳಗೇ, ಬಟ್ಟೆ ಬಿಚ್ಚುವ ಪುಟ್ಟ ಕೋಣೆಯಾಚೆ, ಕಲ್ಲು ಕಾಯಿಸಿ ನೀರೆರಚಿ ಉಗಿಯಲ್ಲಿ ಬೆವರುವ ಅವಳ ಸೌನಾ. ಒಲೆ ತಣ್ಣಗಿತ್ತು. ಬೆವರಲು ಕೂರುವ ಮರದ ಮೇಲಟ್ಟದಲ್ಲಿ ಒಗೆದ ಟವೆಲ್ ಹಾಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟಿದ್ದಳು. ಪರದೆಯಲ್ಲಿ ವೈಫೈ ಗುರುತಿನ ಮೇಲೊಂದು ಅಡ್ಡಗೆರೆ. ಹಳೆಯ ಸಂಪರ್ಕ ಅಳಿಸಿದೆ. ಹೊಸದಾಗಿ ಪಾಸ್‌ವರ್ಡ್ ಹಾಕಬೇಕು. ಅದು ಬರೆದಿರುವುದು ರೂಟರಿನ ಹೊಟ್ಟೆಯಡಿ. ಅದನ್ನು ನೋಡಲು ಲ್ಯಾಪ್‌ಟಾಪನ್ನೂ ಎತ್ತಿಕೊಂಡು ಹೊರಗೆ ಹೋದೆ. ಅಕ್ಷರ ಹಾಕಿದೆನೋ ಇಲ್ಲವೋ, ಟಣ್ಣೆಂದು ಕೂಡಿಕೊಂಡಿತು.

"ಆಯ್ತು ತಗೋ! ಇಷ್ಟಕ್ಕೆ ಟೋಪಿ ಬಿಟ್ಟು ಓಡಿಬಂದ್ಯಾ?"

ಅವಳ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಸೌನಾಕ್ಕೆ ಒಯ್ದು ಟವೆಲ್ ಮೇಲಿಟ್ಟು ಬಾಗಿಲೆಳೆದೆವು. ಗೆರೆಗಳು ಒಂದೊಂದಾಗಿ ಇಳಿದವು. ಸತ್ತಿತು.

ಮತ್ತೆ ಹೊರಗೆ ಒಯ್ದೆ, ಬದುಕಿತು. ಒಳಗೆ ತಂದೆ, ಸತ್ತಿತು. ಮೂರನೇ ಸಲಕ್ಕೂ ಅದೇ ಕತೆ. ದಿಗಿಲಾದರೆ ನನ್ನ ಬಾಯಿ ಹರಿಯುತ್ತದೆ. "ಸೈತಾನನ ಡಬ್ಬಿ, ಕೆರೆಗೆ ಎಸೀತೀನಿ ನಿನ್ನ!" ಎಂದು ಅಟ್ಟಕ್ಕೆ ಗುದ್ದಿದೆ.

"ಸೌನಾದಲ್ಲಿ ಬಯ್ಯಬೇಡ" ಎಂದಳು ಮಿರ್ಯಾ ಮೆಲ್ಲಗೆ. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಅಲ್ಲಿ ಚರ್ಚಿನಲ್ಲಿದ್ದ ಹಾಗೆ ಇರಬೇಕು.

ನಾನು ಗುದ್ದಿದ ರಭಸಕ್ಕೆ ಗೋಡೆಯ ಹಲಗೆಯ ಹಿಂದೆ ಏನೋ ಸರಸರ ಎಂದಿತ್ತು. ಅಲ್ಯೂಮಿನಿಯಂ ಹಾಳೆ! ಉಗಿ ಗೋಡೆಗೆ ಇಳಿಯಬಾರದೆಂದು ಸೌನಾದ ನಾಲ್ಕೂ ಗೋಡೆಗೆ, ಚಾವಣಿಗೆ, ಬಾಗಿಲಿನೊಳಗೂ ಅದನ್ನು ಹೊದಿಸಿರುತ್ತಾರೆ. ಅದು ಗೊತ್ತಿಲ್ಲದವರು ಈ ಊರಲ್ಲಿಲ್ಲ. ಅದನ್ನು ದಾಟಿ ಸಿಗ್ನಲ್ ಬರುವುದಿಲ್ಲ ಎಂದು ಮಾತ್ರ ನಮ್ಮಿಬ್ಬರ ಮಂಡೆಗೂ ಹೊಳೆದಿರಲಿಲ್ಲ. ಕಾಫಿಪುಡಿಯ ಪೊಟ್ಟಣದೊಳಗೆ ಕೂತು ವೈಫೈ ಹುಡುಕುತ್ತಿದ್ದೆವು.

"ಅಡುಗೆಮನೆಗೆ ಬಾ, ಅಲ್ಲಿ ಚೆನ್ನಾಗಿ ಸಿಗುತ್ತೆ."

"ಬರಲ್ಲ."

"ಹೊತ್ತಾಗ್ತಿದೆ ಮಿರ್ಯಾ!"

"ಅಡುಗೆಮನೇಲಿ ಕೇಳಿದ್ರೆ ನಾಳೆಯಿಂದ ಅಲ್ಲಿ ಗಂಜಿ ಹೇಗೆ ಕುಡೀಲಿ? ಮಲಗೋ ಕೋಣೇಲಿ ಕೇಳಿದ್ರೆ ಹೇಗೆ ಮಲಗ್ಲಿ? ನಮ್ಮಮ್ಮ ನನ್ನ ಹೆತ್ತಿದ್ದು ಸೌನಾದಲ್ಲಿ. ಅವಳು ಹೋದಾಗ ಮೈ ತೊಳೆದದ್ದೂ ಸೌನಾದಲ್ಲೇ. ಇಂಥದ್ದಕ್ಕೆ ಇರೋ ಜಾಗ ಇದು. ಇಲ್ಲೇ ಕೇಳ್ತೀನಿ, ಒಬ್ಬಳೇ. ನೀನು ಸರಿ ಮಾಡಿ ಹೊರಗೆ ಹೋಗು."

ನಾನು ವಾದ ಬಿಟ್ಟೆ.

ಸೌನಾದ ಬಾಗಿಲನ್ನು ಹಾರುಹೊಡೆದೆ. ಒಂದೇ ಗೆರೆ ಎದ್ದಿತು, ಮುಖ ಕಾಣುವಷ್ಟಲ್ಲ. ಹಾಗಾದರೆ ರೂಟರೇ ಹತ್ತಿರ ಬರಬೇಕು. ಕರೆಂಟಿಗೆ ಉದ್ದ ವೈರು ಸಿಕ್ಕಿತು. ಆದರೆ ಗೋಡೆಯಿಂದ ಬರುವ ಕೇಬಲ್ ಎಳೆದಷ್ಟೂ ಎಳೆದರೆ ಸೌನಾದ ಹೊಸಿಲಿನವರೆಗೆ ಮಾತ್ರ. ಅದೂ ನೆಲಕ್ಕಿಟ್ಟರೆ ಸಾಲದು, ಎತ್ತಿ ಹಿಡಿಯಬೇಕು. ಹೊಸಿಲಲ್ಲಿ ಮಂಡಿಯೂರಿ, ತಾನೇ ಮುಚ್ಚಿಕೊಳ್ಳುವ ಬಾಗಿಲನ್ನು ಬೆನ್ನಿಂದ ಒತ್ತಿ ಹಿಡಿದು, ರೂಟರನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದೆ. ಗೆರೆಗಳು ಪೂರ್ತಿ ಎದ್ದವು.

ಮಿರ್ಯಾ ನನ್ನನ್ನು ನೋಡಿದಳು. ನಾನು ಹೊರಗೆ ಹೋಗುವಂತಿಲ್ಲ ಎಂದು ಅವಳಿಗೂ ತಿಳಿಯಿತು.

"ಕಿವಿ ಮುಚ್ಕೋ" ಎಂದಳು.

"ಯಾವ ಕೈಯಲ್ಲಿ?"

ನಗು ಅವಳ ತುಟಿಯವರೆಗೆ ಬಂದು ನಿಂತಿತು. ಅಷ್ಟರಲ್ಲಿ ಲ್ಯಾಪ್‌ಟಾಪ್ ಕರೆಯಿತು.

ಎಳೆ ವಯಸ್ಸಿನ ಡಾಕ್ಟರಮ್ಮನ ದನಿ. "ನಮಸ್ಕಾರ. ನಿಮ್ಮ ಜೊತೆ ಯಾರಾದ್ರೂ ಇದಾರಾ ಈಗ?"

ಒಳ್ಳೆ ಸುದ್ದಿ ಹೇಳುವವರು ಅದನ್ನು ಕೇಳುವುದಿಲ್ಲ. ಮಿರ್ಯಾ ಟವೆಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಇದಾನೆ. ಪಕ್ಕದ ಮನೆಯವ್ನು. ಬಾಗ್ಲಲ್ಲಿ."

"ಒಳ್ಳೇದು. ಅವ್ರು ಇರ್ಲಿ." ಆಮೇಲೆ ಡಾಕ್ಟರಮ್ಮ ನೇರವಾಗಿ ಹೇಳಿದಳು. ಅದು ಕ್ಯಾನ್ಸರ್. ಆದರೆ ಆ ಒಂದು ಗಂಟಿನಾಚೆ ಹರಡಿದ ಗುರುತು ಈವರೆಗೆ ಕಂಡಿಲ್ಲ, ಕುಯ್ದು ತೆಗೆಯಬಹುದು, ಮುಂದಿನ ವಾರವೇ ಬರಬೇಕು. ಉಳಿದ ವಿಷಯ ಗಂಟು ತೆಗೆದ ಮೇಲೆ ಹೇಳುತ್ತಾರಂತೆ.

ನನ್ನ ತೋಳು ಸೋತು ರೂಟರ್ ಒಂದು ಗೇಣು ಕೆಳಗಿಳಿಯಿತು. "ನಿಮ್ಮ... ದನಿ... ಕೇಳ್ತಿ..." ಎಂದು ಡಾಕ್ಟರಮ್ಮ ತುಂಡಾದಳು. ನನ್ನತ್ತ ತಿರುಗಿದ ಮಿರ್ಯಾಳ ಆ ಮುಖ! ನೀರಿಗೆ ಬಿದ್ದವರು ದಡದ ಕಡೆ ನೋಡುವ ಹಾಗೆ. ನಾನು ಹಲ್ಲು ಕಚ್ಚಿ ಎತ್ತಿ ಹಿಡಿದೆ.

"ಹ್ಞಾಂ, ಬಂತು" ಎಂದಳು ಮಿರ್ಯಾ. "ನಾನೇ ಗಾಡಿ ಓಡಿಸ್ಕೊಂಡು ಬರ್ಬಹುದಾ?"

"ಬರೋವಾಗ ಓಡಿಸ್ಬಹುದು. ವಾಪಸ್ ಹೋಗೋವಾಗ ಆಗಲ್ಲ."

"ನಾನು ಓಡಿಸ್ತೀನಿ!" ಎಂದು ನಾನು ಹೊಸಿಲಿಂದಲೇ ಕೂಗಿದೆ. "ಹೋಗೋವಾಗ್ಲೂ ಬರೋವಾಗ್ಲೂ!"

"ಟ್ರ್ಯಾಕ್ಟರಲ್ಲಾ?" ಎಂದಳು ಮಿರ್ಯಾ, ನನ್ನ ಕಡೆ ನೋಡದೆ.

ದಿನ, ಗಂಟೆ, ಉಪವಾಸ ಎಲ್ಲ ಹೇಳಿ ಡಾಕ್ಟರಮ್ಮ ಹೊರಟುಹೋದಳು. ಪರದೆ ಕಪ್ಪಾಯಿತು. ಇನ್ನು ರೂಟರಿಗೆ ಕೆಲಸವಿರಲಿಲ್ಲ. ನಾನು ಮಂಡಿ ಸಡಿಲಿಸಿ ಅದನ್ನು ಕೆಳಗಿಡಲು ಹೋದೆ.

"ಯಾರ್ಮೊ," ಎಂದಳು ಅವಳು, "ಇನ್ನೊಂಚೂರು ಹೊತ್ತು ಹಿಡ್ಕೊಂಡೇ ಇರು."

ನಾನು ಮತ್ತೆ ಮಂಡಿಯೂರಿ ಬಾಗಿಲಿಗೆ ಬೆನ್ನು ಕೊಟ್ಟೆ. ಹಿಡಿದುಕೊಂಡೇ ಕೂತೆ.