ದೆವೊಲಿಂಡಾಳ ನೆಲಮಾಳಿಗೆ ತೋಡಿದ ಮೇಸ್ತ್ರಿ

ಎರ್ಮಿನಿಯು ಮೇಸ್ತ್ರಿಯ ಹೆಸರು ದೆವೊಲಿಂಡಾಳ ಕಿವಿಗೆ ಮೊದಲು ಬಿದ್ದದ್ದು ಒಂದು ಭಾನುವಾರ, ಟೊರೊಂಟೊದಲ್ಲಿ, ಅವರ ದ್ವೀಪದಿಂದ ವಲಸೆ ಬಂದವರ ಇಗರ್ಜಿಯ ಮೆಟ್ಟಿಲ ಮೇಲೆ. ಹಿಂದಿನ ವಾರವಷ್ಟೇ ನಗರಸಭೆಯ ನೋಟಿಸು ಬಂದಿತ್ತು. ನೆಲಮಾಳಿಗೆಯ ಸೂರು ಮೂರು ಬೆರಳು ತಗ್ಗು, ಬೆಂಕಿ ಬಿದ್ದರೆ ಹೊರಬೀಳಲು ಕಿಟಕಿಯಿಲ್ಲ, ಸರಿಪಡಿಸುವ ತನಕ ಅಲ್ಲಿ ಬಾಡಿಗೆಗೆ ಯಾರನ್ನೂ ಇಡಕೂಡದು. ಇದ್ದ ಹುಡುಗಿ ಗಂಟುಮೂಟೆ ಕಟ್ಟಿದಳು. ಗಂಡ ಸತ್ತ ಮೇಲೆ ದೆವೊಲಿಂಡಾ ಮನೆ ಉಳಿಸಿಕೊಂಡಿದ್ದೇ ಆ ಬಾಡಿಗೆಯಿಂದ. ಕಂಪನಿಯವರು ಬಂದು ನೋಡಿ, ನೆಲ ತೋಡಿ ತಗ್ಗಿಸಲು ಲಕ್ಷ ಡಾಲರ್ ಎಂದರು. "ಮಾರಿಬಿಡಮ್ಮಾ" ಎಂದಳು ಮಗಳು.

"ಮಾರೋದ್ಯಾಕೆ?" ಎಂದಳು ಗೆಳತಿ ಗ್ರಾಸಾ. "ನಮ್ಮ ದ್ವೀಪದೋನೇ ಒಬ್ಬ ಇದಾನೆ, ಎರ್ಮಿನಿಯು ಅಂತ. ಮಲಗಿರೋ ಮಗು ಏಳದ ಹಾಗೆ ಚಾಪೆ ಎಳೆದಂತೆ ಮನೆಯಡಿ ತೋಡ್ತಾನೆ."

"ಮಗು ಎದ್ದರೆ?"

"ಎದ್ದರೆ ನೀನು ಅದರಡೀಲಿರ್ತೀಯ, ಬಿಡು!"

ಎರ್ಮಿನಿಯು ಮರುದಿನವೇ ಬಂದ. ಕುಳ್ಳ ಆಸಾಮಿ, ಮಾತಿಗೊಮ್ಮೆ ಕೆಮ್ಮು. ಹತ್ತೊಂಬತ್ತನೆಯ ವಯಸ್ಸಿಗೆ ಈ ಊರಿಗೆ ಬಂದು ಇಂಥದೇ ನೆಲಮಾಳಿಗೆಯಲ್ಲಿ ಮಲಗಿದವನು. ನಾಲ್ಕು ಮಂಚ, ಎಂಟು ಜನ. ಹಗಲು ಪಾಳಿಯವನು ಎದ್ದ ಬೆಚ್ಚನೆ ಜಾಗಕ್ಕೆ ರಾತ್ರಿ ಪಾಳಿಯವನು. ನಲವತ್ತು ವರ್ಷ ಊರವರ ಮನೆಗಳ ಅಡಿ ತೋಡಿದವನಿಗೆ ತನ್ನದೆನ್ನುವ ಮನೆ ಇರಲಿಲ್ಲ. ನಕ್ಷೆ, ಪರವಾನಗಿ, ಕಿಟಕಿ ಎಲ್ಲ ಸೇರಿ ಅರವತ್ತು ಸಾವಿರ ಎಂದ. ಗಂಡನ ವಿಮೆಯ ಹಣ ಅಲ್ಲಿಗೆ ಸರಿಹೋಯಿತು. ಕಿಟಕಿ ಕೊರೆಯುವ ಜಾಗದಲ್ಲಿದ್ದ ಗಂಡನ ದ್ರಾಕ್ಷಾರಸದ ಪೀಪಾಯಿಗಳು ಬೀದಿಗೆ ಬಿದ್ದವು.

ಅವನು ಗೋಡೆಯ ಬುಡದಲ್ಲಿ ಒಂದು ಮಾರು ತೋಡಿ ಕಾಂಕ್ರೀಟು ತುಂಬುತ್ತಿದ್ದ. ಅದು ಗಟ್ಟಿಯಾಗುವ ತನಕ ಪಕ್ಕದ್ದನ್ನು ಮುಟ್ಟದೆ ದೂರ ಹೋಗಿ ಇನ್ನೊಂದನ್ನು ತೋಡುತ್ತಿದ್ದ. ಮೇಲೆ ಅಡುಗೆಮನೆಯ ಗೋಡೆಯಲ್ಲಿ ಹಳೆಯ ಬಿರುಕೊಂದಿತ್ತು. ಬೇಕರಿಯ ಕ್ಯಾಲೆಂಡರಿನಿಂದ ಒಂದು ಪಟ್ಟಿ ಹರಿದು ಬಿರುಕಿಗೆ ಅಡ್ಡಲಾಗಿ ಅಂಟಿಸಿದ.

"ಮನೆ ಕದಲಿದ್ರೆ ಈ ಕಾಗದ ಹರಿಯತ್ತೆ, ದೋನಾ. ಹರಿದ್ರೆ ಕೂಗಿ." ದೋನಾ ಎಂದರೆ ಅವರ ಭಾಷೆಯಲ್ಲಿ ಅಮ್ಮಾವ್ರೇ ಎಂದ ಹಾಗೆ.

ಅಂದಿನಿಂದ ದೆವೊಲಿಂಡಾ ಕುಂತಲ್ಲಿ ಕುಂತಿರಲಿಲ್ಲ. ಕೆಳಗೆ ಸುತ್ತಿಗೆ ಸದ್ದಾದರೆ ಕಾಗದದ ಹತ್ತಿರ ಓಡುತ್ತಿದ್ದಳು. ಸದ್ದು ನಿಂತರೂ ಓಡುತ್ತಿದ್ದಳು. ಒಲೆಯ ಮೇಲೆ ಎಲೆಕೋಸಿನ ಸಾರು ಉಕ್ಕಿತು, ಜಪಮಾಲೆಯ ಎಣಿಕೆ ತಪ್ಪಿತು. ಸೆಪ್ಟೆಂಬರಿಗೆ ಬಾಡಿಗೆಗೆ ಬರುತ್ತೇನೆಂದು ಮಾತು ಕೊಟ್ಟ ನರ್ಸ್ ಒಬ್ಬಳು ದಿನಕ್ಕೆರಡು ಸಲ ಫೋನು ಮಾಡತೊಡಗಿದಾಗ, ತಡೆಯಲಾರದೆ ಕೆಳಗಿಳಿದು ಹೋದಳು.

"ಮೇಸ್ತ್ರೀ, ಪಕ್ಕಪಕ್ಕದ್ದು ಒಟ್ಟಿಗೆ ತೋಡಬಾರದಾ? ಬೇಗ ಮುಗಿಯತ್ತಲ್ಲ?"

"ತೋಡಬಹುದು, ದೋನಾ. ಆಮೇಲೆ ನಿಮ್ಮ ಅಡುಗೆಮನೆ ಇಲ್ಲಿಗೇ ಬರತ್ತೆ. ಮೆಟ್ಟಿಲಿಳಿಯೋ ಕಷ್ಟ ಇರಲ್ಲ."

"ನಗಬೇಡಿ! ಬಾಡಿಗೆ ಬರದಿದ್ರೆ ಮಗಳು ಮನೆ ಮಾರಿಸ್ತಾಳೆ."

"ಮಾರೋಕಾದ್ರೂ ಮನೆ ನಿಂತಿರಬೇಕಲ್ವಾ?"

ನರ್ಸ್ ಬೇರೆ ಮನೆ ನೋಡಿಕೊಂಡಳು. ದೆವೊಲಿಂಡಾ ಎರಡು ದಿನ ಅವನಿಗೆ ಕಾಫಿ ಕೊಡಲಿಲ್ಲ. ಅವನು ಕೇಳಲೂ ಇಲ್ಲ, ಕೈಯ ವೇಗ ಹೆಚ್ಚಿಸಲೂ ಇಲ್ಲ.

ನವೆಂಬರಿನಲ್ಲಿ ನಗರಸಭೆಯ ಇನ್ಸ್‌ಪೆಕ್ಟರ್ ಅಳತೆಪಟ್ಟಿ ಹಿಡಿದು ಬಂದು, ಕಿಟಕಿ ತೆರೆದು ಮುಚ್ಚಿ, ಸಹಿ ಹಾಕಿದ. ಆ ವಾರವೇ ಮೇಸ್ತ್ರಿ ಆಸ್ಪತ್ರೆ ಸೇರಿದ. ಎದೆಯಲ್ಲಿ ನಲವತ್ತು ವರ್ಷದ ಸಿಮೆಂಟ್ ಧೂಳು ಕೂತಿತ್ತು. ಒಂದು ಮಧ್ಯಾಹ್ನ ಅವನದೇ ಫೋನು ಬಂತು.

"ಬಾಡಿಗೆಗೆ ಯಾರಾದ್ರೂ ಬಂದ್ರಾ, ದೋನಾ?"

"ಬಂದ್ರು. ಗಂಡ ಹೆಂಡ್ತಿ. ಗಂಡ ಉದ್ದಕ್ಕಿದಾನೆ, ತಲೆ ತಾಗ್ತಿಲ್ಲ."

"ಕಾಗದ?"

"ಹಾಗೇ ಇದೆ. ಬಣ್ಣದೋನು ಕಿತ್ತುಬಿಡ್ತೀನಿ ಅಂದ, ಬಿಡಲಿಲ್ಲ ನಾನು."

"ಚಳಿಗಾಲ ಕಳೀಲಿ. ಮಣ್ಣು ಹೆಪ್ಪುಗಟ್ಟಿ ಮತ್ತೆ ಕರಗೋವಾಗಲೇ ಮನೆ ಕದಲತ್ತಾ ಅಂತ ಗೊತ್ತಾಗೋದು." ಕೆಮ್ಮು ಬಂತು, ತುಂಬ ಹೊತ್ತು ಬಂತು. "ಯಾವಾಗ ನೋಡಿದ್ರಿ?"

"ಬೆಳಿಗ್ಗೆ ನೋಡಿದೆ ಮೇಸ್ತ್ರೀ."

"ಬೆಳಿಗ್ಗೇದು ಬೇಡ. ಈಗ ಹೋಗಿ ನೋಡ್ಕೊಂಡು ಬನ್ನಿ. ನಾನು ಫೋನು ಹಿಡಿದಿರ್ತೀನಿ."