ನೀರಿಗೆ ಇಳಿಬಿಟ್ಟ ಹಗ್ಗ

1982ರ ಬೇಸಿಗೆಯಲ್ಲಿ ನಂಗಲಿ ಬಳಿಯ ಒಂದು ತೋಟದ ಬಾವಿಯಲ್ಲಿ ನಾನು ಮೊದಲ ಬಾರಿಗೆ ನೀರೊಳಗೆ ಫೋಟೊ ತೆಗೆದೆ. ಕಾರವಾರದ ಕಡಲಿಗೆ ಹೊರಡುವ ಮುನ್ನ, ಕ್ಯಾಮೆರಾ ಇಡುವ ಗಾಜಿನ ಪೆಟ್ಟಿಗೆಯೊಳಗೆ ನೀರು ನುಗ್ಗುತ್ತದೆಯೇ ಎಂದು ನೋಡಬೇಕಿತ್ತು. ಬಾವಿಗೆ ಬಿದ್ದ ಬಿಂದಿಗೆಗಳನ್ನು ಮುಳುಗಿ ತೆಗೆಯುವ ಮುನಿಯಪ್ಪ ಜೊತೆಗೆ ಇಳಿಯಲು ಒಪ್ಪಿದರು.

ಅವರ ಹೆಂಡತಿ ವೆಂಕಟಮ್ಮ ಬಾವಿಯ ಅಂಚಿನಲ್ಲಿ ಕೂತು ಗಂಡನ ಆಸರೆಗೆಂದು ಹಗ್ಗ ಇಳಿಬಿಟ್ಟರು. ಫೋಟೊಗೆ ಅಡ್ಡ ಬರುತ್ತದೆ, ಮೇಲೆ ಎಳೆದುಕೊಳ್ಳಿ ಎಂದೆ.

“ಎಳ್ಕೊಳೇ,” ಎಂದರು ಮುನಿಯಪ್ಪ. “ಇಪ್ಪತ್ತು ವರ್ಷದಿಂದ ಹಿಂಗೇ ಹಿಡ್ಕೊಂಡು ಕೂತವ್ಳೆ ಸಾರ್. ನಾನು ಒಂದಿನಾನೂ ಮುಟ್ಟಿಲ್ಲ.”

ವೆಂಕಟಮ್ಮನ ಮುಖ ಸಣ್ಣದಾಯಿತು. ಹಗ್ಗವನ್ನು ಮಾತ್ರ ಮೇಲೆ ಎಳೆದುಕೊಳ್ಳಲಿಲ್ಲ.

ಬಿಸಿಲು ನೆಟ್ಟಗೆ ಬಾವಿಯೊಳಗೆ ಬೀಳುವ ಹೊತ್ತಿಗೆ ಇಳಿದೆವು. ನೀರು ಮಬ್ಬಾಗಿತ್ತು, ಅಂದಾಜಿನ ಮೇಲೆ ಒಂದು ರೋಲು ಮುಗಿಸಿದೆ. ಕಡಲಿನ ರೋಲುಗಳೊಂದಿಗೆ ಬೆರೆಯದಿರಲೆಂದು ಡಬ್ಬಿಯ ಮೇಲೆ ‘ನಂಗಲಿ ಬಾವಿ’ ಎಂದು ಬರೆದಿಟ್ಟೆ. ತೊಳೆಸಿದಾಗ ಒಂದೇ ಒಂದು ಫೋಟೊ ಸ್ಪಷ್ಟವಾಗಿ ಬಂದಿತ್ತು. ಅದನ್ನು ಅವರ ಮನೆಗೆ ಒಯ್ದೆ.

ಫೋಟೊದಲ್ಲಿ ಮುನಿಯಪ್ಪನ ಒಂದು ಕೈಯಲ್ಲಿ ಬಿಂದಿಗೆ ಇತ್ತು. ಇನ್ನೊಂದು ಕೈಯ ಬೆರಳುಗಳು, ಮೇಲಿದ್ದವರಿಗೆ ತಿಳಿಯದಷ್ಟು ಹಗುರವಾಗಿ, ಹಗ್ಗವನ್ನು ಸುತ್ತಿ ಹಿಡಿದಿದ್ದವು.

“ಯೋವ್, ಮುಟ್ಟೇ ಇಲ್ಲ ಅಂದ್ಯಲ್ಲ?” ವೆಂಕಟಮ್ಮ ಕೇಳಿದರು.

“ನೀನು ಮೇಲೆ ಇದೀಯೋ, ಎದ್ದು ಹೋದ್ಯೋ ಅಂತ ನೋಡ್ತಿದ್ದೆ ಕಣೇ.”

ಮುನಿಯಪ್ಪ ಈಗ ಬಾವಿಗೆ ಇಳಿಯುವುದಿಲ್ಲ. ಹೋದ ತಿಂಗಳು ನಾನು ನೋಡಿದಾಗ ಫೋಟೊ ಅವರ ಮನೆಯ ಗೋಡೆಯ ಮೇಲಿತ್ತು. ಅದೇ ಮೊಳೆಗೆ ಹಗ್ಗವನ್ನೂ ನೇತುಹಾಕಿದ್ದರು.