ಮುಷ್ಕರದ ಬಿರಿಯಾನಿ

೨೦೦೬ರಲ್ಲಿ, ಏಳನೇ ಕ್ಲಾಸಿಗೆ, ನನ್ನ ಓದು ನಿಂತಿತು. ಆ ಕಾಲದ ದೋಹಾ ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು. ಅಪ್ಪ, ಅಮ್ಮ, ನಾನು ಆಗ ಬಿನ್ ಮಹಮೂದ್ ಬಡಾವಣೆಯ ಹಳೇ ಫ್ಲ್ಯಾಟಿನ ಒಂದು ಕೋಣೆಯಲ್ಲಿದ್ದೆವು. ಅಪ್ಪ ಕಟ್ಟಡ ಕಂಪನಿಯೊಂದರ ಕೆಲಸಗಾರರ ಕ್ಯಾಂಪಿನಲ್ಲಿ ಮೆಸ್ ನಡೆಸುತ್ತಿದ್ದರು. ರಜೆಯ ದಿನ ನನ್ನನ್ನೂ ಕರೆದೊಯ್ಯುವರು. ಹಾಲಿನ ಪುಡಿಯ ಖಾಲಿ ಡಬ್ಬಗಳನ್ನು ಪೇರಿಸಿ ನನ್ನೊಡನೆ ಲಗೋರಿ ಆಡುತ್ತಿದ್ದವರು ಕಂಬಿ ಕಟ್ಟುವ ಸೇಸಪ್ಪಣ್ಣ, ನಮ್ಮ ಬಂಟ್ವಾಳದ ಕಡೆಯವರು. ನಾನು ಇಂಗ್ಲಿಷ್ ಶಾಲೆಗೆ ಹೋಗುತ್ತೇನೆಂದು ‘ಇಂಜಿನಿಯರೇ’ ಎಂದೇ ಕರೆಯುವರು. “ದೊಡ್ಡವರಾದ ಮೇಲೆ ನಮ್ಮನ್ನು ಸ್ವಲ್ಪ ನೆರಳಲ್ಲಿ ನಿಲ್ಲಿಸಿ ಆಯ್ತಾ” ಎಂದು ಚೆಂಡು ಎಸೆಯುವರು.

ಆ ಜೂನಿನಲ್ಲಿ ಬಿಸಿಲಿಗೆ ಕುಸಿದ ಒಬ್ಬ ಮತ್ತೆ ಏಳಲಿಲ್ಲ. ನಡುಮಧ್ಯಾಹ್ನ ಬಿಡುವು ಕೊಡುವವರೆಗೆ ಕೆಲಸದ ಬಸ್ ಹತ್ತುವುದಿಲ್ಲವೆಂದು ಕ್ಯಾಂಪಿನವರೆಲ್ಲ ಅಂಗಳದಲ್ಲಿ ಕುಳಿತರು. ಮುಂದೆ ಸೇಸಪ್ಪಣ್ಣ. ಮೆಸ್ಸಿಗೆ ಬೀಗ ಹಾಕು ಎಂದು ಮ್ಯಾನೇಜರ್ ಅಪ್ಪನಿಗೆ ಹೇಳಿದ. ಅಪ್ಪ ಹಾಕಿದರು. ನಮ್ಮ ಮೂವರ ವೀಸಾ ಅವನ ಕೈಯಲ್ಲಿತ್ತು.

ಮೂರನೇ ದಿನ ಮ್ಯಾನೇಜರೇ ಬೀಗ ತೆಗೆಸಿ, ಬಾಗಿಲು ಕಿಟಕಿ ತೆರೆದಿಟ್ಟು, ಬಿರಿಯಾನಿ ಮಾಡಿಸಿದ. ತಿಂದವರು ಬಸ್ ಹತ್ತಬೇಕು, ಅಷ್ಟೇ. ತುಪ್ಪ, ಹುರಿದ ಈರುಳ್ಳಿ, ಪುದೀನದ ವಾಸನೆ ಅಂಗಳ ತುಂಬಿದರೂ ಯಾರೂ ಏಳಲಿಲ್ಲ. ಶಾಲೆಗೆ ರಜೆ, ನಾನು ಅಲ್ಲಿದ್ದೆ. ಮ್ಯಾನೇಜರ್ ಮೊದಲ ತಟ್ಟೆಯನ್ನು ನನ್ನ ಕೈಗಿತ್ತು ಸೇಸಪ್ಪಣ್ಣನನ್ನು ತೋರಿಸಿದ. ನನಗೋ ಅಪ್ಪನ ಕೈರುಚಿಯ ಹೆಮ್ಮೆ.

“ತಿನ್ನಿ ಸೇಸಪ್ಪಣ್ಣ, ಗೋಡಂಬಿ ಉಂಟು.”

“ನನಗೆ ಬೇಡ ಇಂಜಿನಿಯರೇ. ನೀವು ತಿನ್ನಿ, ಆರಿ ಹೋಗ್ತದೆ.”

ಅಲ್ಲೇ ನಿಂತು ತಿಂದೆ. ಎರಡು ದಿನದಿಂದ ಉಪವಾಸವಿದ್ದವರ ಎದುರು, ಬೆರಳು ನೆಕ್ಕುತ್ತ. ತಟ್ಟೆ ಅರ್ಧವಾಗುವಷ್ಟರಲ್ಲಿ ಹಿಂದಿನಿಂದ ಒಬ್ಬ ಎದ್ದ. ಆಮೇಲೆ ನಾಲ್ವರು. ಆಮೇಲೆ ಮೆಸ್ಸಿನ ಬಾಗಿಲಲ್ಲಿ ನೂಕುನುಗ್ಗಲು. ಅಂಗಳದಲ್ಲಿ ಸೇಸಪ್ಪಣ್ಣ ಒಬ್ಬರೇ ಉಳಿದರು. ಸಂಜೆ ಅವರನ್ನು ಪಿಕಪ್‌ನಲ್ಲಿ ಏರ್‌ಪೋರ್ಟಿಗೆ ಸಾಗಿಸಿದರು, ಚಪ್ಪಲಿ ಹಾಕಿಕೊಳ್ಳಲೂ ಬಿಡದೆ. ಮ್ಯಾನೇಜರ್ ನನ್ನ ತಲೆ ಸವರಿ ಜ್ಯೂಸ್ ಕೊಟ್ಟ. ಕುಡಿದೆ.

ಆಗಸ್ಟಿನಲ್ಲಿ ಮೆಸ್ ಬೇರೆಯವರ ಪಾಲಾಯಿತು. ಕೇಳಲು ಹೋದ ಅಪ್ಪನಿಗೆ ಅದೇ ಮ್ಯಾನೇಜರ್ ತಲೆ ಎತ್ತದೆ “ಖಲಾಸ್” ಎಂದನಂತೆ. ಊರಿಗೆ ಬಂದೆವು. ಬೇರೆ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ನಾನು ಹೋಟೆಲಿನ ಹಿಂದೆ ತಟ್ಟೆ ತೊಳೆಯುತ್ತಿದ್ದೆ.

ಈಗ ಮತ್ತೆ ದೋಹಾದಲ್ಲೇ, ಅಲ್ ಗರಾಫಾದಲ್ಲಿ ನನ್ನದೇ ಕೆಫೆಟೇರಿಯಾ. ಯಾರ ಕಾಲೂ ಹಿಡಿಯದೆ ಕಟ್ಟಿದ್ದು. ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಿಸಬೇಕೆಂಬ ಕಾನೂನು ಬಂದಿದೆ. ಆ ಹೊತ್ತಿಗೇ ನನಗೆ ವ್ಯಾಪಾರ ಜೋರು. ಎರಡು ಒಲೆ, ಆರು ಮೇಜು, ನಲವತ್ತು ತಟ್ಟೆ, ಮೂವರು ಕೆಲಸದವರು. ಇಂಜಿನಿಯರೇ ಎಂದು ಕರೆಯುವವರು ಯಾರೂ ಇಲ್ಲ.